‘ಒಬ್ಬರೇನಾ?’ ಅಂತ ಹೋಟೆಲಿನಲ್ಲಿ ಕೇಳಿದರೆ ನಿಮಗೆ ಏನನ್ನಿಸುತ್ತೆ?

ಕಾಫಿಪುಡಿ · ಸೋಮವಾರ ಸಂಜೆ 5:50

ಸ್ವಲ್ಪ ಉದ್ದ ಇದೆ, ಮೊದಲೇ ಹೇಳಿಬಿಡುತ್ತೇನೆ. ಕಾಫಿ ಇಟ್ಟುಕೊಂಡು ಓದಿ.

ಈ ವಾರಾಂತ್ಯ ಬರೀ ತಿಂದದ್ದೇ ಆಯ್ತು. ಶನಿವಾರ, ಭಾನುವಾರ ಕಾಲೇಜಿನ ಗೆಳೆಯರ ಜೊತೆ. ಇವತ್ತು ಸೋಮವಾರ ರಜೆ ಹಾಕಿ ನಾನೊಬ್ಬಳೇ. ನಾವು ಒಟ್ಟು ಐದು ಜನ. ಒಬ್ಬ ಪುಣೆಯಿಂದ ಬೆಂಗಳೂರಿಗೆ ಬಂದಿದ್ದ, ಅವನ ನೆಪದಲ್ಲಿ ಎಲ್ಲರೂ ಸೇರಿದ್ದು. ಎಂಟು ತಿಂಗಳಿಂದ ಗ್ರೂಪಿನಲ್ಲಿ ‘ಸಿಗೋಣ ಕಣೇ’, ‘ಸಿಗೋಣ ಮಗಾ’ ಅಂತ ಬರೆದುಕೊಂಡೇ ಇದ್ದೆವು, ಅವನು ಟಿಕೆಟ್ ಬುಕ್ ಮಾಡಿದ ಮೇಲೆ ಯಾರಿಗೂ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

ಶನಿವಾರ ಸಂಜೆ ವಿ.ವಿ. ಪುರಂ ತಿಂಡಿ ಬೀದಿ. ಜನವರಿ ಅಲ್ವಾ, ಅವರೆಕಾಯಿ ಕಾಲ. ಸಜ್ಜನ್ ರಾವ್ ಸರ್ಕಲ್ ಹತ್ತಿರ ಆಟೋ ಇಳಿಯುವಷ್ಟರಲ್ಲೇ ಸೊಗಡಿನ ವಾಸನೆ ಮೂಗಿಗೆ ಬಡಿಯಿತು. ಅವರೆಬೇಳೆ ದೋಸೆ, ಅಕ್ಕಿ ರೊಟ್ಟಿ ಜೊತೆ ಹಿತಕಿದ ಬೇಳೆ ಸಾರು, ತುಪ್ಪ ಸುರಿದ ಬಿಸಿ ಹೋಳಿಗೆ, ಕೊನೆಗೆ ಗುಲ್ಕನ್ ಐಸ್‌ಕ್ರೀಂ. ಈ ಬೀದಿಗೆ ಗುಂಪಲ್ಲೇ ಹೋಗಬೇಕು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಐದು ಜನ ಇದ್ದರೆ ಒಂದೊಂದು ತಟ್ಟೆ ತಗೊಂಡು ಹತ್ತು ಬಗೆ ರುಚಿ ನೋಡಬಹುದು, ಒಬ್ಬಳೇ ಹೋದರೆ ಎರಡನೇ ತಟ್ಟೆಗೇ ಹೊಟ್ಟೆ ತುಂಬುತ್ತದೆ. ನಡುಬೀದಿಯಲ್ಲಿ ನಿಂತು, ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕಿ, ‘ಲೋ ಅದು ನಂದು’ ಅಂತ ಜಗಳ ಆಡಿ, ಹೋಳಿಗೆಯ ತುಪ್ಪ ಮೊಣಕೈವರೆಗೆ ಇಳಿದು, ಸ್ಕೂಟರಿನವನು ಹಾರ್ನ್ ಹೊಡೆದು ಬೈದು... ಚೆನ್ನಾಗಿತ್ತು. ತುಂಬಾ ನಕ್ಕೆವು.

ಭಾನುವಾರ ಎಡವಟ್ಟು ಶುರು. ಬೆಳಿಗ್ಗೆ ಏಳೂವರೆಗೆ ಬ್ರಾಹ್ಮಿನ್ಸ್ ಕಾಫಿ ಬಾರ್ ಅಂತ ಮಾತಾಗಿತ್ತು. ಏಳೂವರೆ ಹೋಗಿ ಒಂಬತ್ತಾಯಿತು. ಶಂಕರಪುರಕ್ಕೆ ಹೋಗಿ ನೋಡಿದರೆ ಬಾಗಿಲು ಹಾಕಿದೆ. ಭಾನುವಾರ ಅಲ್ಲಿ ರಜೆ! ಇದೇ ಊರಲ್ಲಿ ಹುಟ್ಟಿ ಬೆಳೆದವರು ನಾಲ್ಕು ಜನ ಇದ್ದೆವು, ಒಬ್ಬರಿಗೂ ನೆನಪಾಗಲಿಲ್ಲ. ಪುಣೆಯವನು ನಮ್ಮ ಮುಖ ನೋಡಿ ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಸರಿ, ಅಲ್ಲಿಂದ ಲಾಲ್‌ಬಾಗ್ ರಸ್ತೆಯ ಎಂಟಿಆರ್. ಹೆಸರು ಬರೆಸಿ ಕಾದೆವು. ಕಾಯುವಾಗ ನಾನು ಪುಣೆಯವನಿಗೆ ದೊಡ್ಡದಾಗಿ ಕಥೆ ಹೇಳಿದೆ. 1924ರ ಹೋಟೆಲು ಕಣೋ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲೇ ಇಡ್ಲಿ ಮಾಡಿ ನೋಡಿದರಂತೆ, ರವೆ ಇಡ್ಲಿ ಹುಟ್ಟಿದ್ದು ಹಾಗೆ ಅಂತಾರೆ, ಹೀಗೆಲ್ಲ. ಆಮೇಲೆ ಒಳಗೆ ಕರೆದರು, ಆ ರವೆ ಇಡ್ಲಿ ಬಂತು, ಜೊತೆಗೆ ಆಲೂಗಡ್ಡೆ ಸಾಗು, ತುಪ್ಪ. ನನ್ನ ಕಷ್ಟ ಇಲ್ಲೇ ಇರೋದು. ಅದು ಹೇಗಿತ್ತು ಅಂತ ಈಗ ಕೇಳಿದರೆ ನನಗೆ ಗೊತ್ತಿಲ್ಲ. ಆ ಹೊತ್ತಿಗೆ ಇಬ್ಬರು ರಾತ್ರಿ ಎಲ್ಲಿಗೆ ಹೋಗೋದು ಅಂತ ಫೋನ್ ಹಿಡಿದು ಚರ್ಚೆ ಮಾಡುತ್ತಿದ್ದರು, ಒಬ್ಬಳು ಆಫೀಸಿನ ಮ್ಯಾನೇಜರ್ ಪುರಾಣ ತೆಗೆದಿದ್ದಳು, ನಾನು ಎರಡು ಕಡೆಗೂ ತಲೆ ಆಡಿಸುತ್ತಾ ನುಂಗಿದೆ. ಮನೆಗೆ ಬಂದು ಫೋಟೋ ನೋಡಿದಾಗ ಇಡ್ಲಿ ಮೇಲೆ ಗೋಡಂಬಿ ಇತ್ತು ಅಂತ ಗೊತ್ತಾಯಿತು.

ರಾತ್ರಿ ಇಂದಿರಾನಗರದ ಒಂದು ಜಾಗ. ಹೆಸರು ಬೇಡ. ಒಂದೂವರೆ ಗಂಟೆ ಹೊರಗೆ ನಿಂತೆವು. ಒಳಗೆ ಹಾಡು ಎಷ್ಟು ಜೋರು ಅಂದರೆ ಎದುರಿಗೆ ಕೂತವನ ತುಟಿ ಓದಬೇಕು. ಬಿಲ್ ಬಂದಾಗ ಒಬ್ಬ ‘ನಾನು ಬರೀ ಸೂಪ್ ಕುಡಿದದ್ದು’ ಅಂದ. ಇನ್ನೊಬ್ಬಳು ‘ನಾನು ಕುಡಿಯೋದೇ ಇಲ್ಲ, ನಿಮ್ಮ ಬಿಯರಿಗೆ ನಾನ್ಯಾಕೆ ಕೊಡಲಿ’ ಅಂದಳು. ಅದರ ಮೇಲೆ ನಮ್ಮನ್ನು ಕೇಳದೆ ಹತ್ತು ಪರ್ಸೆಂಟ್ ಸರ್ವೀಸ್ ಚಾರ್ಜ್ ಬೇರೆ ಹಾಕಿದ್ದರು. ಹದಿನೈದು ವರ್ಷದ ಸ್ನೇಹ, ಟೇಬಲ್ ಮೇಲೆ ಕ್ಯಾಲ್ಕುಲೇಟರ್.

ಇವತ್ತು ಬೆಳಿಗ್ಗೆ ಯಾರಿಗೂ ಹೇಳದೆ ಗಾಂಧಿ ಬಜಾರಿಗೆ ಹೊರಟೆ. ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದು ನಡೆದೆ. ವಿದ್ಯಾರ್ಥಿ ಭವನದ ಬಾಗಿಲಲ್ಲಿ ನಾಲ್ಕೈದು ಜನರ ಎರಡು ಗುಂಪು ಕಾಯುತ್ತಿತ್ತು. ಒಳಗಿನಿಂದ ಒಬ್ಬರು ನನ್ನ ಕಡೆ ನೋಡಿ ‘ಒಂದಾ? ಬನ್ನಿ, ಅಲ್ಲಿ ಕೂತ್ಕೊಳ್ಳಿ’ ಅಂದರು. ಅಷ್ಟೇ. ಗುಂಪಿನವರ ಮುಂದೆ ರಾಣಿ ಹಾಗೆ ಒಳಗೆ ಹೋದೆ.

ನಾಲ್ಕು ಜನರ ಟೇಬಲ್. ಎದುರಿಗೆ ಒಬ್ಬರು ಹಿರಿಯರು ಪೇಪರ್ ಓದುತ್ತಿದ್ದರು, ಪಕ್ಕದಲ್ಲಿ ಒಬ್ಬ ಹುಡುಗ. ನಾನು ಕೂತಾಗ ಆ ಹಿರಿಯರು ತಲೆ ಎತ್ತಲಿಲ್ಲ, ಆದರೆ ಪೇಪರನ್ನು ಇನ್ನೊಂದು ಮಡಿಕೆ ಮಡಿಚಿ ನೀರಿನ ಲೋಟವನ್ನು ತಮ್ಮ ಕಡೆಗೆ ಎಳೆದುಕೊಂಡರು. ನನ್ನ ತಟ್ಟೆಗೆ ಜಾಗ. ಎಷ್ಟು ಮರ್ಯಾದೆ ಅದರಲ್ಲಿ! ಸಪ್ಲೈಯರ್ ಬಂದರು. ಎಡಗೈ ಮೇಲೆ ತಟ್ಟೆಯ ಮೇಲೆ ತಟ್ಟೆ, ಮಣಿಕಟ್ಟಿನಿಂದ ಭುಜದವರೆಗೆ. ಹನ್ನೊಂದರವರೆಗೆ ಎಣಿಸಿದೆ, ಅಷ್ಟರಲ್ಲಿ ಬಲಗೈಯಲ್ಲಿ ಒಂದೊಂದೇ ಇಳಿಸುತ್ತಾ ಹೋಗಿಬಿಟ್ಟರು. ದೋಸೆ ಕೆಂಪಗೆ, ದಪ್ಪಗೆ. ಮೊದಲ ಮುರುಕು ಗರಿಗರಿ ಅಂತ ಸದ್ದು ಮಾಡಿತು. ಆ ಸದ್ದು ನನಗೆ ಕೇಳಿಸಿತು, ಅದೇ ವಿಶೇಷ. ಒಳಗಡೆ ಮೆತ್ತಗೆ. ಸಾಂಬಾರ್ ಇಲ್ಲ, ನೀರು ನೀರಾದ ಚಟ್ನಿ ಮಾತ್ರ, ಅದನ್ನು ಅವರೇ ಬಂದು ಮತ್ತೆ ಮತ್ತೆ ಸುರಿಯುತ್ತಾರೆ. ಪಲ್ಯವನ್ನು ಕೊನೆಗೆ ಉಳಿಸಿಕೊಳ್ಳುವುದು ನನ್ನ ಚಿಕ್ಕಂದಿನ ಚಾಳಿ. ಗುಂಪಿನಲ್ಲಿ ಇದ್ದಾಗ ಯಾರಾದರೂ ‘ಬೇಡ್ವಾ? ನಾನು ತಗೋತೀನಿ’ ಅಂತ ಎತ್ತಿಬಿಡುತ್ತಾರೆ. ಇವತ್ತು ಯಾರೂ ಎತ್ತಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹುಮ್ಮಸ್ಸು ಜಾಸ್ತಿ ಆಗಿ ಮಧ್ಯಾಹ್ನ ಜಯನಗರದ ಕಡೆ ಒಂದು ದೊಡ್ಡ ಎಸಿ ಹೋಟೆಲಿಗೂ ಹೋದೆ. ಬಾಗಿಲಲ್ಲಿ ‘ಒಬ್ಬರೇನಾ ಮೇಡಂ?’ ಹೌದು ಅಂದೆ. ‘ಯಾರಾದ್ರೂ ಬರ್ತಾರಾ?’ ಇಲ್ಲ ಅಂದೆ. ಅರ್ಧ ಹೋಟೆಲು ಖಾಲಿ ಇದ್ದರೂ ಕೈ ತೊಳೆಯುವ ಜಾಗದ ಪಕ್ಕದ ಟೇಬಲ್ ಕೊಟ್ಟರು. ಊಟ ಮುಗಿಯುವವರೆಗೂ ಜನ ನನ್ನ ಕಿವಿ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದರು.

ಮನೆಗೆ ಬರುವಾಗ ಮೆಟ್ರೋದಲ್ಲಿ ಇದೇ ಯೋಚನೆ. ‘ಒಂದಾ?’ ಅಂದರೆ ಲೆಕ್ಕ. ‘ಒಬ್ಬರೇನಾ?’ ಅಂದರೆ ಅಯ್ಯೋ ಪಾಪ. ಒಂದು ‘ಏ’ ಸೇರಿದ್ದಕ್ಕೆ ಎಷ್ಟು ವ್ಯತ್ಯಾಸ ನೋಡಿ. ನಿಮಗೂ ಹೀಗೆ ಆಗಿದೆಯಾ? ನೀವು ಒಬ್ಬರೇ ಹೋಗುವ ಜಾಗ ಯಾವುದು?


ಸಾಫ್ಟ್ ಇಡ್ಲಿ · ಸೋಮವಾರ ಸಂಜೆ 6:15

ಹುಟ್ಟಿದ ಊರಲ್ಲಿ ಬ್ರಾಹ್ಮಿನ್ಸ್‌ಗೆ ಭಾನುವಾರ ಹೋದವರಿಗೆ ಮೊದಲು ದಂಡ ಹಾಕಬೇಕು.

ಇನ್ನು ವಿಷಯಕ್ಕೆ ಬಂದರೆ, ಇದೆಲ್ಲ ಈಗಿನ ಫ್ಯಾಷನ್ ಅನ್ನಿಸುತ್ತದೆ. ನಮ್ಮಪ್ಪ ಮದುವೆಗೆ ಮುಂಚೆ ಆರು ವರ್ಷ ಚಾಮರಾಜಪೇಟೆಯ ರೂಮಿನಲ್ಲಿದ್ದು ಮೂರು ಹೊತ್ತೂ ಹೋಟೆಲಿನಲ್ಲಿ ಒಬ್ಬರೇ ತಿಂದರು. ಅವರು ಅದನ್ನು ಯಾರಿಗೂ ಹೇಳಿಕೊಂಡು ತಿರುಗಲಿಲ್ಲ. ಹಸಿವಾಯ್ತು, ಹೋದರು, ತಿಂದರು, ಬಂದರು. ಈಗ ಒಬ್ಬರು ದೋಸೆ ತಿಂದರೆ ಅದಕ್ಕೊಂದು ಕಥೆ, ಫೋಟೋ.


ಕಾಫಿಪುಡಿ · ಸೋಮವಾರ ಸಂಜೆ 6:22

ನಿಮ್ಮಪ್ಪನ ಪಕ್ಕದ ರೂಮಿನಲ್ಲಿ ಒಬ್ಬ ಹುಡುಗಿ ಇದ್ದಿದ್ದರೆ ಅವಳೂ ಹಾಗೇ ಹೋಗಿ ತಿಂದು ಬರುತ್ತಿದ್ದಳಾ ಅಂತ ಅವರನ್ನೇ ಕೇಳಿ ನೋಡಿ. ಫೋಟೋ ತೆಗೆದದ್ದು ಗುಂಪಿನಲ್ಲಿ ಇದ್ದಾಗ. ಇವತ್ತು ಒಂದೂ ತೆಗೆದಿಲ್ಲ.


ರಾಗಿಕಣಜ · ಸೋಮವಾರ ಸಂಜೆ 7:05

ಹಳೇ ಹೋಟೆಲುಗಳಲ್ಲಿ ‘ಫ್ಯಾಮಿಲಿ ರೂಮ್’ ಅಂತ ಬೋರ್ಡ್ ಇರುತ್ತಿತ್ತಲ್ಲ, ನೆನಪಿದೆಯಾ? ಅರ್ಧ ಬಾಗಿಲು ಇಲ್ಲಾ ಪರದೆ. ಹೆಂಗಸರು ಒಬ್ಬರೇ ಬಂದರೂ ಅವರನ್ನು ಅದರೊಳಗೆ ಕಳಿಸುತ್ತಿದ್ದರು. ಒಬ್ಬಳೇ ಕೂತರೂ ಅದು ಫ್ಯಾಮಿಲಿ!

ನಾನು ಹೋಗೋದು ಮಿಲಿಟರಿ ಹೋಟೆಲಿಗೆ. ಜಯನಗರದ ಶಿವಾಜಿಯಲ್ಲಿ ದೊನ್ನೆ ಬಿರಿಯಾನಿ, ಮುದ್ದೆ ತಿನ್ನಬೇಕು ಅನ್ನಿಸಿದರೆ ಮನೆ ಹತ್ತಿರದ ಒಂದು ಸಣ್ಣ ಜಾಗ. ಮೊದಲ ಸಲ ಹೋದಾಗ ಆ ಸಣ್ಣ ಜಾಗದಲ್ಲಿ ನಾನೊಬ್ಬಳೇ ಹೆಂಗಸು. ಎಲ್ಲರೂ ಒಂದು ಕ್ಷಣ ತಿನ್ನೋದು ನಿಲ್ಲಿಸಿ ನೋಡಿದರು. ಮುದ್ದೆ, ನಾಟಿ ಕೋಳಿ ಸಾರು, ತಲೆಮಾಂಸ ಅಂದೆ. ತಲೆಮಾಂಸ ಅಂದ ಕೂಡಲೇ ಪಕ್ಕದವರು ‘ಇವಳು ನಮ್ಮವಳೇ’ ಅನ್ನೋ ಹಾಗೆ ಸರಿದು ಜಾಗ ಮಾಡಿದರು. ಈಗ ಅಲ್ಲಿನ ಅಣ್ಣ ನನ್ನನ್ನು ನೋಡಿದ ತಕ್ಷಣ ಒಳಗೆ ‘ಅಕ್ಕಂಗೆ ಒಂದು ಮುದ್ದೆ’ ಅಂತ ಕೂಗುತ್ತಾರೆ. ಆ ಅಣ್ಣನಿಗೆ ನನಗಿಂತ ಹತ್ತು ವರ್ಷ ಜಾಸ್ತಿ ವಯಸ್ಸು, ಆದರೂ ಅಕ್ಕ.

ಇನ್ನೊಂದು ಮಾತು. ಒಬ್ಬರೇ ತಿನ್ನುವವರು ಫೋನ್ ನೋಡ್ತಾರೆ ಅನ್ನೋ ದೂರು ಇದೆಯಲ್ಲ, ಮುದ್ದೆ ತಗೊಳ್ಳಿ. ಬಲಗೈ ಪೂರ್ತಿ ಸಾರಿನಲ್ಲಿ ಇರುತ್ತದೆ, ಎಡಗೈಯಲ್ಲಿ ಮೂಳೆ ತಟ್ಟೆ ಎಳೆದುಕೊಳ್ಳಬೇಕು, ಫೋನ್ ಮುಟ್ಟಲು ಆಗೋದೇ ಇಲ್ಲ. ಅಗಿಯುವ ಹಾಗೂ ಇಲ್ಲ, ನುಂಗುವುದರ ಮೇಲೇ ಗಮನ ಇರಬೇಕು.


ಜಯನಗರ ನಾಲ್ಕನೇ ಬ್ಲಾಕ್ · ಸೋಮವಾರ ಸಂಜೆ 7:30

ಸರ್ವೀಸ್ ಚಾರ್ಜ್ ಕಡ್ಡಾಯ ಅಲ್ಲ. ಬಿಲ್ಲಿನಲ್ಲಿ ತಾವಾಗಿಯೇ ಸೇರಿಸಬಾರದು ಅಂತ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ‘ತೆಗೀರಿ’ ಅಂದರೆ ತೆಗೆಯಬೇಕು. ಜಿಎಸ್‌ಟಿ ಬೇರೆ, ಅದು ಸಾಮಾನ್ಯ ಹೋಟೆಲುಗಳಲ್ಲಿ 5 ಪರ್ಸೆಂಟ್, ಅದನ್ನು ಕೊಡಲೇಬೇಕು. ಐದು ಜನರಲ್ಲಿ ಒಬ್ಬರೂ ಕೇಳಲಿಲ್ವಾ?


ಕಾಫಿಪುಡಿ · ಸೋಮವಾರ ಸಂಜೆ 7:41

ಐದು ಜನ ಇದ್ದದ್ದರಿಂದಲೇ ಕೇಳಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಕೇಳಲಿ ಅಂತ ಕಾದೆವು. ಒಬ್ಬಳೇ ಇದ್ದಿದ್ದರೆ ಖಂಡಿತ ಕೇಳುತ್ತಿದ್ದೆ.


ಗಲ್ಲಾ ಪೆಟ್ಟಿಗೆ · ಸೋಮವಾರ ರಾತ್ರಿ 9:20

ಹನ್ನೊಂದು ವರ್ಷ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವನು ನಾನು. ಈಗ ಬೇರೆ ಕೆಲಸ. ಹೋಟೆಲಿನವರ ಕಡೆಯಿಂದಲೂ ಸ್ವಲ್ಪ ಹೇಳುತ್ತೇನೆ.

ಒಬ್ಬರೇ ಬರುವ ಗಿರಾಕಿ ಹೋಟೆಲಿಗೆ ನಷ್ಟ ಅಂತ ಹಲವರು ತಿಳಿದಿದ್ದಾರೆ. ಟೇಬಲ್ ಹಂಚಿಕೊಳ್ಳುವ ಹೋಟೆಲಿನಲ್ಲಿ ಅದು ತಪ್ಪು. ನಾಲ್ಕು ಜನರ ಟೇಬಲಿಗೆ ಮೂರು ಜನರ ಸಂಸಾರ ಬಂದರೆ ಒಂದು ಕುರ್ಚಿ ಖಾಲಿ. ಆ ಕುರ್ಚಿ ತುಂಬುವುದು ಒಬ್ಬರೇ ಬಂದವರಿಂದ. ನಮ್ಮಲ್ಲಿ ಅವರಿಗೆ ‘ಸಿಂಗಲ್’ ಅಂತಿದ್ದೆವು. ಸಿಂಗಲ್ ಬಂದರೆ ಹದಿನೈದು ನಿಮಿಷ. ಇಡ್ಲಿ ವಡೆ, ಕಾಫಿ, ಬಿಲ್, ಎದ್ದರು. ಐದು ಜನರ ಗುಂಪು ಬಂದರೆ ಆರ್ಡರ್ ಹೇಳುವುದಕ್ಕೇ ಹತ್ತು ನಿಮಿಷ. ಒಬ್ಬರು ಮಸಾಲೆ ಅಂದು ಆಮೇಲೆ ಸೆಟ್ ಅಂತಾರೆ, ತಿಂದ ಮೇಲೆ ಮುಕ್ಕಾಲು ಗಂಟೆ ಮಾತು, ಮೂರು ಬೈ ಟೂ ಕಾಫಿ. ಗುಂಪಿನವರು ಕೆಟ್ಟವರು ಅಂತಲ್ಲ. ಹೊರಗೆ ನಲವತ್ತು ಜನ ನಿಂತಿರುವಾಗ ಗಲ್ಲಾದಲ್ಲಿ ಕೂತವನ ಬಿಪಿ ಏರುತ್ತದೆ, ಅಷ್ಟೇ.

ಎಸಿ ಹೋಟೆಲಿನ ಕಥೆ ಬೇರೆ. ಅಲ್ಲಿ ಅಪರಿಚಿತರನ್ನು ಒಂದೇ ಟೇಬಲಿನಲ್ಲಿ ಕೂರಿಸುವ ಹಾಗಿಲ್ಲ, ಜನ ಒಪ್ಪಲ್ಲ. ಒಬ್ಬರು ಕೂತರೆ ನಾಲ್ಕು ಕುರ್ಚಿ ಹೋಯಿತು. ಅದಕ್ಕೆ ಮೂಲೆಗೆ, ಅಡುಗೆಮನೆ ಬಾಗಿಲಿಗೆ, ವಾಶ್ ಬೇಸಿನ್ ಪಕ್ಕಕ್ಕೆ ಕಳಿಸುತ್ತಾರೆ. ಖಾಲಿ ಇದ್ದಾಗಲೂ ಹಾಗೆ ಮಾಡಿದ್ದು ಮಾತ್ರ ಸೋಮಾರಿತನ. ‘ಇಲ್ಲಿ ಬೇಡ, ಅಲ್ಲಿ ಕೂರ್ತೀನಿ’ ಅಂತ ಹೇಳಿ ನಡೆದುಬಿಡಿ, ಯಾರೂ ಎಬ್ಬಿಸಲ್ಲ. ಶನಿವಾರ ಭಾನುವಾರ ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರವರೆಗೆ ಮಾತ್ರ ಈ ಹಟ ಬೇಡ.

ಇನ್ನು ದರ್ಶಿನಿಗಳು. 80ರ ದಶಕದಲ್ಲಿ ಜಯನಗರದ ಕಡೆ ಶುರುವಾದ ಪದ್ಧತಿ ಇದು. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತಗೋ, ಕೌಂಟರಿನಲ್ಲಿ ತಟ್ಟೆ ತಗೋ, ನಿಂತು ತಿನ್ನು. ಕುರ್ಚಿಯೇ ಇಲ್ಲ ಅಂದಮೇಲೆ ಒಬ್ಬರೇನಾ ಇಬ್ಬರಾ ಅಂತ ಕೇಳುವವರೂ ಇಲ್ಲ. ಬಾಡಿಗೆ, ಸಪ್ಲೈಯರ್ ಸಂಬಳ ಎರಡೂ ಉಳಿಯುತ್ತೆ ಅಂತ ಮಾಡಿದ್ದು. ಅದರಿಂದ ಹೆಂಗಸರು ಒಬ್ಬರೇ ಬಂದು ತಿಂದು ಹೋಗುವುದು ಸಲೀಸಾಯಿತು, ಅದನ್ನು ನಾನೇ ನೋಡಿದ್ದೇನೆ. ಬೆಳಿಗ್ಗೆ ಬಸ್ಸಿಗೆ ಮುಂಚೆ ಆಸ್ಪತ್ರೆಯ ನರ್ಸ್‌ಗಳು, ಬ್ಯಾಂಕಿನವರು, ಗಾರ್ಮೆಂಟ್ಸ್ ಹುಡುಗಿಯರು.


ಧಾರವಾಡ ಪೇಢೆ · ಸೋಮವಾರ ರಾತ್ರಿ 10:02

ನಿಂತು ತಿನ್ನೋದು ನಮಗ ಆಗಂಗಿಲ್ರೀ. ಊಟ ಅಂದ್ರ ಕುಂತು ಮಾಡಬೇಕು.

ಬೆಂಗಳೂರಿಗೆ ಬಂದ ಹೊಸತರಲ್ಲಿ ಪಿಜಿಯಲ್ಲಿದ್ದೆ. ಭಾನುವಾರ ರಾತ್ರಿ ಅಲ್ಲಿ ಅಡುಗೆ ಇರುತ್ತಿರಲಿಲ್ಲ. ಆ ಒಂದು ಹೊತ್ತು ಎಷ್ಟು ಭಾರ ಅನ್ನೋದು ಪಿಜಿಯಲ್ಲಿ ಇದ್ದವರಿಗೇ ಗೊತ್ತು. ನಮ್ಮ ಕಡೆ ಖಾನಾವಳಿಯಲ್ಲಿ ಸಾಲಾಗಿ ಕೂತು ಎಲ್ಲರೂ ಒಬ್ಬೊಬ್ಬರೇ ಉಣ್ಣುತ್ತಾರೆ, ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಬೀಳುತ್ತದೆ, ‘ಸಾಕ್ರೀ’ ಅಂದರೂ ಬೀಳುತ್ತದೆ. ಯಾರೂ ಜೊತೆಗೆ ಇಲ್ಲ ಅಂತ ಅಲ್ಲಿ ಅನ್ನಿಸುವುದೇ ಇಲ್ಲ. ಇಲ್ಲಿ ಹುಡುಕಿ ಹುಡುಕಿ ಬಸವನಗುಡಿ ಬ್ಯೂಗಲ್ ರಾಕ್ ಹತ್ತಿರದ ಕಾಮತ್‌ನಲ್ಲಿ ಜೋಳದ ರೊಟ್ಟಿ ಊಟ ಸಿಕ್ಕಿತು. ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಮೇಲೆ ಮೊಸರು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂತ ಸಪ್ಲೈಯರಿಗೆ ಹೇಳಿದೆ.


ಚರ್ಚ್ ಸ್ಟ್ರೀಟ್ ಕಾಗೆ · ಮಂಗಳವಾರ ಬೆಳಿಗ್ಗೆ 8:15

ನನ್ನ ಪಟ್ಟಿ ಬೇರೆ. ಮಧ್ಯಾಹ್ನ ಮೂರರ ಹೊತ್ತಿಗೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್. ಒಂದು ಕಾಫಿ ಹೇಳಿ ಪುಸ್ತಕ ತೆಗೆದರೆ ಯಾರೂ ‘ಇನ್ನೇನು ಸರ್?’ ಅಂತ ತಲೆ ಮೇಲೆ ನಿಲ್ಲಲ್ಲ. ಅಕ್ಕಪಕ್ಕದ ಟೇಬಲಿನಲ್ಲೂ ಒಬ್ಬೊಬ್ಬರೇ ಇರುತ್ತಾರೆ, ಒಬ್ಬರಿಗೊಬ್ಬರು ತಲೆ ಆಡಿಸಿ ಸುಮ್ನೆ ಇರುತ್ತಾರೆ. ಇಲ್ಲದಿದ್ದರೆ ಇಂಡಿಯಾ ಕಾಫಿ ಹೌಸ್. ಎಂ.ಜಿ. ರಸ್ತೆಯಿಂದ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂದ ಮೇಲೆ ಹಳೆಯ ಕಿಟಕಿ ಇಲ್ಲ ಅಂತ ಗೊಣಗುವವರು ಇನ್ನೂ ಇದ್ದಾರೆ, ಅವರಲ್ಲಿ ನಾನೂ ಒಬ್ಬ. ಆದರೂ ಹೋಗುತ್ತೇನೆ. ಮಳೆ ಇಲ್ಲದ ದಿನ ಏರ್‌ಲೈನ್ಸ್ ಹೋಟೆಲಿನ ಮರದ ಕೆಳಗೆ, ಒಂದು ರವೆ ದೋಸೆ. ಎಲೆ ತಟ್ಟೆಗೆ ಬಿದ್ದರೆ ತೆಗೆದು ಪಕ್ಕಕ್ಕಿಟ್ಟು ಮುಂದುವರಿಸುವುದು.


ಸಾಫ್ಟ್ ಇಡ್ಲಿ · ಮಂಗಳವಾರ ಬೆಳಿಗ್ಗೆ 9:10

ಅಪ್ಪನನ್ನು ಕೇಳಿದೆ. ‘ಆ ಕಾಲದಲ್ಲಿ ಹುಡುಗಿಯರಿಗೆ ರೂಮೇ ಕೊಡ್ತಿರಲಿಲ್ಲ, ಹೋಟೆಲಿನ ಮಾತು ಆಮೇಲೆ’ ಅಂದರು. ಸರಿ, ಆ ಮಾತು ವಾಪಸ್. ಫ್ಯಾಷನ್ ಅಂದದ್ದು ಮಾತ್ರ ವಾಪಸ್ ತಗೊಳ್ಳಲ್ಲ.


ಮಲ್ಲೇಶ್ವರದ ಮಾವ · ಮಂಗಳವಾರ ಬೆಳಿಗ್ಗೆ 11:30

ಎಲ್ಲರದ್ದೂ ಓದಿದೆ. ನನಗೆ ಅರವತ್ತೆಂಟು. ನಿಮ್ಮಲ್ಲಿ ಯಾರಿಗೂ ಬೇಜಾರಾಗದಿರಲಿ, ನನಗೆ ಒಬ್ಬನೇ ತಿನ್ನೋದು ಇಷ್ಟ ಇಲ್ಲ. ಆದರೂ ವಾರಕ್ಕೆ ನಾಲ್ಕು ದಿನ ತಿನ್ನುತ್ತೇನೆ.

ನನ್ನ ಹೆಂಡತಿ ಹೋಗಿ ಮೂರು ವರ್ಷ. ಮೊದಲು ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನಕ್ಕೆ ಹೋಗುತ್ತಿದ್ದೆವು, ಅವಳಿಗೆ ಅಲ್ಲಿನ ಹಸಿರು ಮಸಾಲೆ ಇಡ್ಲಿ ಅಂದರೆ ಪ್ರಾಣ. ಅದೂ 2023ರ ಡಿಸೆಂಬರಿನಲ್ಲಿ ಮುಚ್ಚಿತು. ಒಂದು ವರ್ಷದಲ್ಲಿ ಎರಡೂ ಇಲ್ಲವಾಯಿತು. ಸಿಟಿಆರ್‌ಗೆ ಭಾನುವಾರ ಹೋಗುವ ಧೈರ್ಯ ನನಗಿಲ್ಲ, ವಾರದ ಮಧ್ಯೆ ಹೋಗಿ ಒಂದು ಬೆಣ್ಣೆ ಮಸಾಲೆ ತಿಂದು ಬರುತ್ತೇನೆ. ಅಷ್ಟು ಬೆಣ್ಣೆ ತಿನ್ನಬೇಡಿ ಅಂತ ಹೇಳುವವರಿಲ್ಲ. ಹೇಳಿದರೆ ಚೆನ್ನಾಗಿರುತ್ತಿತ್ತು.

ನಿಮಗೆ ಒಂದು ಸಣ್ಣ ತೊಂದರೆ ಹೇಳುತ್ತೇನೆ. ಕಾಫಿ. ನಲವತ್ತು ವರ್ಷ ನಾವಿಬ್ಬರೂ ಬೈ ಟೂ ಕುಡಿದವರು. ಈಗ ಪೂರ್ತಿ ಲೋಟ ನನಗೆ ಜಾಸ್ತಿ, ರಾತ್ರಿ ನಿದ್ದೆ ಬರಲ್ಲ. ಒಬ್ಬನೇ ಹೋಗಿ ಬೈ ಟೂ ಅಂದರೆ ‘ಇನ್ನೊಬ್ರು ಎಲ್ಲಿ ಸರ್?’ ಅಂತಾರೆ. ಆರು ತಿಂಗಳು ಅರ್ಧ ಕುಡಿದು ಅರ್ಧ ಬಿಟ್ಟು ಬಂದೆ. ಆಮೇಲೆ ನಮ್ಮ ಬೀದಿಯ ಹೋಟೆಲಿನ ಹುಡುಗ, ಹಾಸನದ ಕಡೆಯವನು, ಒಂದು ದಿನ ಸುಮ್ನೆ ಅರ್ಧ ಲೋಟ ತಂದಿಟ್ಟ. ಕೇಳಲಿಲ್ಲ, ಹೇಳಲಿಲ್ಲ. ಬಿಲ್ಲಿನಲ್ಲಿ ಅರ್ಧದ ದುಡ್ಡು. ಅವತ್ತಿನಿಂದ ನಾನು ಬಾಗಿಲಲ್ಲಿ ಕಂಡರೆ ಸಾಕು, ಅರ್ಧ ಕಾಫಿ ಬರುತ್ತದೆ. ಅವನು ಊರಿಗೆ ಹೋದ ವಾರ ನಾನೂ ಮನೆಯಲ್ಲೇ ಉಪ್ಪಿಟ್ಟು ಮಾಡಿಕೊಳ್ಳುತ್ತೇನೆ.

ಮಗಳೇ ಕಾಫಿಪುಡಿ, ನಿನ್ನ ಗೆಳೆಯರನ್ನು ಬಿಡಬೇಡ. ಕ್ಯಾಲ್ಕುಲೇಟರ್ ತೆಗೆದರೂ ಪರವಾಗಿಲ್ಲ.


ಕಾಫಿಪುಡಿ · ಮಂಗಳವಾರ ಮಧ್ಯಾಹ್ನ 1:15

ಮಾವ, ಆಫೀಸಿನಲ್ಲಿ ಕೂತು ಓದಿದೆ. ಏನು ಬರೆಯಬೇಕು ಅಂತ ಗೊತ್ತಾಗುತ್ತಿಲ್ಲ. ಗೆಳೆಯರನ್ನು ಬಿಟ್ಟಿಲ್ಲ, ನಿನ್ನೆ ರಾತ್ರಿಯೇ ಸೂಪಿನವನು ಐವತ್ತು ರೂಪಾಯಿ ಜಾಸ್ತಿ ಕಳಿಸಿ ‘ಸಾರಿ ಮಗಾ’ ಅಂದಿದ್ದಾನೆ.


ರಾಗಿಕಣಜ · ಮಂಗಳವಾರ ಮಧ್ಯಾಹ್ನ 1:40

ಮಾವ, ಕೆಲವು ದರ್ಶಿನಿಗಳಲ್ಲಿ ‘ಹಾಫ್ ಕಾಫಿ’ ಅಂತ ಕೇಳಿದರೂ ಕೊಡುತ್ತಾರೆ. ಇಲ್ಲ ಅಂದರೆ ಬೈ ಟೂ ತಗೊಂಡು ಪಕ್ಕದಲ್ಲಿ ನಿಂತವರಿಗೆ ಒಂದು ಲೋಟ ಕೊಟ್ಟುಬಿಡಿ. ನಮ್ಮ ಕಡೆ ಬಂದರೆ ಆ ಇನ್ನೊಂದು ಲೋಟ ನನಗಿರಲಿ.


ಗಲ್ಲಾ ಪೆಟ್ಟಿಗೆ · ಮಂಗಳವಾರ ರಾತ್ರಿ 9:45

ಆ ಹಾಸನದ ಹುಡುಗನ ಕೆಲಸವನ್ನು ಯಾವ ಮಾಲೀಕನೂ ಹೇಳಿಕೊಡಲ್ಲ. ಒಳ್ಳೆಯ ಸಪ್ಲೈಯರಿಗೆ ಗಿರಾಕಿಯ ಹೆಸರು ಗೊತ್ತಿರಲ್ಲ, ಕಾಫಿ ಗೊತ್ತಿರುತ್ತದೆ. ನಮ್ಮಲ್ಲಿ ಒಬ್ಬರು ಇದ್ದರು, ಮುನ್ನೂರು ಜನರದ್ದು ನೆನಪಿಟ್ಟಿದ್ದರು: ಸಕ್ಕರೆ ಕಮ್ಮಿ, ಡಿಕಾಕ್ಷನ್ ಜಾಸ್ತಿ, ಬಿಸಿ ಬಿಸಿ, ಉಗುರುಬೆಚ್ಚಗೆ, ಎಲ್ಲ. ತಮ್ಮ ಮಗಳ ಹುಟ್ಟಿದ ಹಬ್ಬ ಮಾತ್ರ ಪ್ರತಿ ವರ್ಷ ಮರೆಯುತ್ತಿದ್ದರು.


ಜಯನಗರ ನಾಲ್ಕನೇ ಬ್ಲಾಕ್ · ಬುಧವಾರ ಬೆಳಿಗ್ಗೆ 7:50

ಒಬ್ಬರೇ ಹೊರಡುವವರಿಗೆ: ಎಂಟಿಆರ್ ಸೋಮವಾರ ರಜೆ. ವಿದ್ಯಾರ್ಥಿ ಭವನ ಶುಕ್ರವಾರ. ಬ್ರಾಹ್ಮಿನ್ಸ್ ಭಾನುವಾರ, ಈಗಂತೂ ಎಲ್ಲರಿಗೂ ಗೊತ್ತಾಯಿತು. ಮಲ್ಲೇಶ್ವರದ ಕಡೆ ಹೋದರೆ ವೀಣಾ ಸ್ಟೋರ್ಸ್ ಇಡ್ಲಿ, ಫುಟ್‌ಪಾತಿನಲ್ಲಿ ನಿಂತೇ ತಿನ್ನಬೇಕು, ಧಾರವಾಡದವರು ಕ್ಷಮಿಸಬೇಕು.


ಧಾರವಾಡ ಪೇಢೆ · ಬುಧವಾರ ಬೆಳಿಗ್ಗೆ 8:05

ಇಡ್ಲಿ ಊಟ ಅಲ್ಲ ಬಿಡ್ರೀ, ಅದಕ್ಕ ನಿಂತರ ನಡೀತದ.


ಕಾಫಿಪುಡಿ · ಭಾನುವಾರ ಬೆಳಿಗ್ಗೆ 10:30

ಒಂದು ಸಣ್ಣ ವರದಿ ಕೊಡಲೇಬೇಕು.

ಗುರುವಾರ ರಾತ್ರಿ ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಫ್ಯಾಮಿಲಿ ರೂಮ್ ವಿಷಯ ಬಂದಾಗ ಅಮ್ಮ ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಿದಳು. ನೀನು ಯಾವತ್ತಾದರೂ ಒಬ್ಬಳೇ ಹೋಟೆಲಿಗೆ ಹೋಗಿದ್ದೀಯಾ ಅಂತ ಕೇಳಿದೆ. ‘ಒಂದು ಸಲ’ ಅಂದಳು. 1987, ಮೆಜೆಸ್ಟಿಕ್‌ನಲ್ಲಿ ತುಮಕೂರು ಬಸ್ಸು ತಪ್ಪಿತಂತೆ, ಮುಂದಿನದಕ್ಕೆ ಒಂದು ಗಂಟೆ ಇತ್ತು, ಹೊಟ್ಟೆ ಹಸಿವು. ಹತ್ತಿರದ ಹೋಟೆಲಿಗೆ ಹೋದಳಂತೆ. ಫ್ಯಾಮಿಲಿ ರೂಮಿಗೆ ಕಳಿಸಿದರು, ಒಳಗೆ ಯಾರೂ ಇರಲಿಲ್ಲ, ಫ್ಯಾನ್ ಕೂಡ ಇರಲಿಲ್ಲ. ಸೆಟ್ ದೋಸೆ ತಿಂದಳು. ಮೂರು ದೋಸೆಯನ್ನೂ ತಿಂದಳು. ‘ನಿಮ್ಮಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ’ ಅಂದಳು. ಹಾಲ್‌ನಲ್ಲಿ ಟಿವಿ ನೋಡುತ್ತಿದ್ದ ಅಪ್ಪ ‘ಏನು ಹೇಳಿಲ್ಲ?’ ಅಂತ ಕೂಗಿದರು. ಇಬ್ಬರೂ ಏನಿಲ್ಲ ಅಂದೆವು.

ಆಮೇಲೆ ಅಮ್ಮ ಕೇಳಿದಳು, ‘ಶನಿವಾರ ನಾನೂ ಬರಲಾ? ಬೇರೆ ಟೇಬಲಲ್ಲಿ ಕೂತ್ಕೋತೀನಿ.’

ನಿನ್ನೆ ಬೆಳಿಗ್ಗೆ ಏಳಕ್ಕೇ ವಿದ್ಯಾರ್ಥಿ ಭವನದಲ್ಲಿದ್ದೆವು. ಮೆಟ್ರೋದಿಂದ ಇಳಿದ ಮೇಲೆ ಅಮ್ಮ ನನ್ನಿಂದ ಹತ್ತು ಹೆಜ್ಜೆ ಹಿಂದೆಯೇ ನಡೆದಳು, ಪರಿಚಯವೇ ಇಲ್ಲದವಳ ಹಾಗೆ. ಬಾಗಿಲಲ್ಲಿ ‘ಎರಡಾ?’ ಅಂದರು. ಅಮ್ಮ ನನಗಿಂತ ಮುಂಚೆ ಬಾಯಿಬಿಟ್ಟಳು. ‘ಇಲ್ಲ, ಒಂದು, ಆಮೇಲೆ ಇನ್ನೊಂದು.’

ನಾನು ಗೋಡೆ ಕಡೆ, ಅವಳು ಎರಡು ಟೇಬಲ್ ಆಚೆ, ಗಂಡ ಹೆಂಡತಿ ಮತ್ತು ಒಬ್ಬ ಹುಡುಗ ಕೂತಿದ್ದ ಟೇಬಲಿನಲ್ಲಿ. ನಾನು ನನ್ನ ದೋಸೆ, ನನ್ನ ಗರಿಗರಿ ಸದ್ದು, ಕೊನೆಗೆ ಉಳಿಸಿಕೊಂಡ ಪಲ್ಯ ಅಂತ ಮೌನವಾಗಿ ಕೂತಿದ್ದೆ. ಆ ಕಡೆಯಿಂದ ಅಮ್ಮನ ದನಿ ನಿಲ್ಲಲೇ ಇಲ್ಲ. ಚಟ್ನಿ ಸುರಿಯಲು ಬಂದವರನ್ನೂ ಬಿಡಲಿಲ್ಲ, ಯಾವ ಊರು ಅಂತ ಕೇಳಿದಳು. ಕಾಫಿ ಕುಡಿದು ತನ್ನ ಬಿಲ್ ತಾನೇ ಕೊಟ್ಟು ಹೊರಗೆ ಬಂದಾಗ ಆ ದಂಪತಿ ದಾವಣಗೆರೆಯವರು ಅನ್ನೋದು, ಮಗಳ ಮದುವೆ ಏಪ್ರಿಲ್‌ನಲ್ಲಿ ಅನ್ನೋದು, ಛತ್ರದ ಬಾಡಿಗೆ ಎಷ್ಟು ಅನ್ನೋದು ಎಲ್ಲ ಅವಳಿಗೆ ಗೊತ್ತಿತ್ತು.

ಗಾಂಧಿ ಬಜಾರಿನಲ್ಲಿ ಅವರೆಕಾಯಿ ಆರಿಸುತ್ತಾ ಹೇಳಿದಳು, ‘ಒಬ್ಬಳೇ ತಿನ್ನೋದು ತುಂಬಾ ಚೆನ್ನಾಗಿರುತ್ತೆ ಕಣೇ. ಎಷ್ಟು ಮಾತಾಡಬಹುದು!’